ಗೌಡಸಾನಿಯ ಗಂಡನಿಗೊಂದು ಖಿತಾಬು

ಕೆಂಚಗೇರಿಯಲ್ಲಿ ಯಾರದೇ ಮದುವೆ ಇರಲಿ, ಆಯೇರಿ ಕೂಗುವ ಮೈಕು ಒಂದು ಜಾಗಕ್ಕೆ ಬಂದು ಎಡವುತ್ತಿತ್ತು. ಯಾರು ಸೀರೆ ಕೊಟ್ಟರು, ಯಾರು ಹಿತ್ತಾಳೆ ಕೊಡ ಕೊಟ್ಟರು ಎಂದು ಹೆಸರು ಹಿಡಿದು ಕೂಗುವ ಕೆಲಸ ಅದು. ಊರಿನ ಪದ್ಧತಿಯಂತೆ ಮೊದಲ ಆಯೇರಿ ಗೌಡರ ಮನೆಯದು. "ಗೌಡ್ರ ಮನಿಯಿಂದ ಒಂದು ಇಳಕಲ್ ಸೀರಿ! ಕೊಟ್ಟಾವ್ರು ಗೌಡಸಾನಿ ಕಸ್ತೂರಿಬಾಯಿ ಅವ್ರು, ಮತ್ತ…" ಇಲ್ಲಿಗೆ ಮೈಕು ಗಪ್ಪಾಗುತ್ತಿತ್ತು. ಹಿಡಿದವನು ಕೆಮ್ಮುತ್ತಿದ್ದ. "ಮತ್ತ… ಅವ್ರ ಮನ್ಯಾಗಿನವ್ರು!" ಎಂದು ಒಮ್ಮೆಲೇ ಹೇಳಿ ಮುಗಿಸಿ ಮುಂದಿನ ಕೊಡಕ್ಕೆ ಜಿಗಿಯುತ್ತಿದ್ದ. ಹಂದರದ ತುಂಬ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಮನ್ಯಾಗಿನವರು ಅಂತ ಎಲ್ಲ ಕಡೆ ಹೆಂಡತಿಗೆ ಅನ್ನುತ್ತಾರೆ, ನಿಮಗೂ ಗೊತ್ತಿದ್ದದ್ದೇ!

ಆ ಮನ್ಯಾಗಿನವರು ಅಂದರೆ ನಮ್ಮ ಶಿವರಾಯ. ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದ. ಜರಿ ಅಂಚಿನ ರುಮಾಲು, ಎಣ್ಣೆ ಹಚ್ಚಿ ತೀಡಿದ ಮೀಸೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಲ್ಲರ ಜೊತೆ ತಾನೂ ನಗುತ್ತಿದ್ದ. ಆದರೆ ಆ "ಮತ್ತ" ಅನ್ನುವ ಮಾತು ಮಾತ್ರ ಮನೆಗೆ ಹೋದಮೇಲೂ ಅವನ ಕಿವಿಯಲ್ಲೇ ಇರುತ್ತಿತ್ತು.

ಅವನು ಹುಟ್ಟಿದ್ದು ಆಳಂದ ತಾಲೂಕಿನಲ್ಲಿ, ಕಡಗಂಚಿಯ ಹತ್ತಿರದ ಒಂದು ಹಳ್ಳಿ. ಮನೆಯ ತುಂಬ ಗಂಡುಮಕ್ಕಳು, ಅವರಲ್ಲಿ ಇವನೊಬ್ಬ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದು, ಕನ್ನಡಿ ಇಲ್ಲದೆ ರುಮಾಲು ಸುತ್ತುವುದು, ಎದ್ದು ಹೊರಟವರನ್ನು ಮಾತಿನಲ್ಲಿ ಮತ್ತೆ ಕೂಡಿಸುವುದು, ಇಷ್ಟೇ ಅವನಿಗೆ ಬರುತ್ತಿದ್ದ ವಿದ್ಯೆ. ಎಪ್ಪತ್ತನೆಯ ಇಸವಿಯಲ್ಲಿ ಅಫಜಲಪುರ ತಾಲೂಕಿನ ಕೆಂಚಗೇರಿಯಿಂದ ದೌಲತರಾಯಗೌಡರು ಮನೆಅಳಿಯನನ್ನು ಹುಡುಕುತ್ತ ಆ ಕಡೆ ಬಂದರು. ಅವರಿಗೆ ಇದ್ದವಳು ಒಬ್ಬಳೇ ಮಗಳು, ಕಸ್ತೂರಿಬಾಯಿ. ಗೌಡರು ಶಿವರಾಯನ ಮನೆಯಲ್ಲಿ ಒಂದು ಕಪ್ ಚಹಾ ಕುಡಿದು ಏಳುವವರಿದ್ದರು, ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡು ನಕ್ಕು, ಅಲ್ಲಿಯೇ ಉಂಡು, ಎದ್ದು ಹೇಳಿದರು: "ನನ್ನ ಮಗಳು ಭಾಳ ಬಿಗಿ ಅದಾಳ. ಆಕಿನ್ನ ನಗಸಾವ ಬೇಕು. ಇವನ್ನ ಕೊಡ್ರಿ."

ಹೀಗೆ ಕೊಟ್ಟರು. ಹೆಣ್ಣು ಕೊಡುವಂತೆ ಗಂಡು ಕೊಟ್ಟರು. ಶಿವರಾಯ ಒಂದು ಟ್ರಂಕು ಹಿಡಿದುಕೊಂಡು ಬಂದು ಕೆಂಚಗೇರಿಗೆ ಅಳಿಯನಾದ. ಅಳಿಯ ಅಂದರೆ ಗೌಡರ ಮನೆಗೆ ಮಾತ್ರ ಅಂದುಕೊಂಡಿದ್ದ ಪಾಪ! ಇಡೀ ಊರೇ ಅವನನ್ನು ಅಳಿಯ ಮಾಡಿಕೊಂಡಿತು. ಹಿರಿಯರು "ಏನ್ ಅಳ್ಯಾದೇವ್ರ, ಊಟ ಆತಾ?" ಎಂದರೆ ಕಿರಿಯರು "ಮಾವಾ, ನಮ್ಮಕ್ಕ ಹೊರಗ ಬಿಟ್ಳಾ ನಿಮ್ಮನ್ನ?" ಎಂದು ಕಾಡುತ್ತಿದ್ದರು. ಅವನೂ ಬಿಡುವವನಲ್ಲ, ತಿರುಗಿ ಒಂದಕ್ಕೆ ನಾಲ್ಕು ಕೊಡುತ್ತಿದ್ದ. ಹಬ್ಬದಲ್ಲಿ ಯಾರ ಮನೆಗೆ ಹೋದರೂ ಅಳಿಯ ಬಂದ ಎಂದು ಹೋಳಿಗೆಯ ಮೇಲೆ ಇನ್ನೊಂದು ಮಿಳ್ಳಿ ತುಪ್ಪ ಬೀಳುತ್ತಿತ್ತು. ಮೊದಲ ನಾಲ್ಕು ವರ್ಷ ಅವನು ಬಲು ಖುಷಿಯಲ್ಲಿ ಕಳೆದ.

ಎಪ್ಪತ್ತನಾಲ್ಕರಲ್ಲಿ ಗೌಡರು ತೀರಿಕೊಂಡರು. ಸರಕಾರ ಗೌಡಕಿಯನ್ನು ತೆಗೆದುಹಾಕಿ ಎಷ್ಟೋ ವರ್ಷವಾಗಿತ್ತು, ಆದರೆ ಅದನ್ನು ಕೆಂಚಗೇರಿ ಕಿವಿಗೆ ಹಾಕಿಕೊಂಡಿರಲಿಲ್ಲ. ಮದುವೆಯಲ್ಲಿ ಮೊದಲ ವೀಳ್ಯ, ಕಾರಹುಣ್ಣಿಮೆಯಲ್ಲಿ ಮುಂದೆ ಓಡುವ ಎತ್ತು, ಬೇಲಿಯ ಜಗಳಕ್ಕೆ ತೀರ್ಮಾನ, ಎಲ್ಲ ಗೌಡರ ಮನೆಯದೇ. ದೌಲತರಾಯಗೌಡರು ಸಾಯುವ ಮುಂಚೆ ಭಾವಕಿಯವರನ್ನೆಲ್ಲ, ಅಂದರೆ ತಮ್ಮ ವಂಶದ ದಾಯಾದಿಗಳನ್ನೆಲ್ಲ ಕರೆಸಿ, ಬೆಳ್ಳಿಕಟ್ಟಿನ ಬೆತ್ತವನ್ನು ಮಗಳ ಕೈಗೆ ಕೊಟ್ಟರು. "ಇನ್ನ ಗೌಡಕಿ ಇಕಿದು. ಯಾರರೆ ತಕರಾರು ಮಾಡ್ರಿ, ದೆವ್ವಾಗಿ ಬಂದು ಕಾಡ್ತೇನಿ" ಎಂದರು. ಭಾವಕಿಯಲ್ಲಿ ಹಿರಿಯನಾದ ದೊಡ್ಡಪ್ಪ ಎಂಬ ಹೆಸರಿನವನು, ಗೌಡರ ಚಿಕ್ಕಪ್ಪನ ಮಗ, ಗಂಟಲಲ್ಲಿ ಏನೋ ಗೊಣಗಿದ. ದೆವ್ವದ ಮಾತು ಕೇಳಿ ಅದನ್ನೂ ನುಂಗಿಕೊಂಡ.

ಕಸ್ತೂರಿಬಾಯಿ ಬೆತ್ತ ಹಿಡಿದು ಕಟ್ಟೆಯ ಮೇಲೆ ಕೂತಳು ನೋಡಿ, ಅಪ್ಪನಿಗಿಂತ ಒಂದು ಕೈ ಮೇಲಾದಳು. ಇಬ್ಬರ ಜಗಳ ಕೇಳಿ ಮೂರನೆಯವನ ತಪ್ಪು ಹುಡುಕುತ್ತಿದ್ದಳು. ಹೆಸರುಗಳೂ ಸಲೀಸಾಗಿ ತಮ್ಮ ತಮ್ಮ ಜಾಗ ಹಿಡಿದವು. ಇಲ್ಲಿಯವರೆಗೆ ಗೌಡಸಾನಿ ಎನಿಸಿಕೊಂಡಿದ್ದ ತಾಯಿ ಗಂಗಾಬಾಯಿ ದೊಡ್ಡ ಗೌಡಸಾನಿಯಾದಳು. ಕಸ್ತೂರಿಬಾಯಿ ಗೌಡಸಾನಿಯಾದಳು. ಉಳಿದವನು ಒಬ್ಬ. ದೇಸಾಯಿಯ ಹೆಂಡತಿ ದೇಸಾಯಣಿ, ಮಾಸ್ತರನ ಹೆಂಡತಿ ಮಾಸ್ತರಣಿ, ಪೂಜಾರಿಯ ಹೆಂಡತಿ ಪೂಜಾರ್ತಿ. ಗಂಡನಿಗೆ ಒಂದು ಪದವಿ ಬಂತೆಂದರೆ ಹೆಂಡತಿಗೂ ಒಂದು ಹೆಸರು ತಾನಾಗಿ ಬಂದು ಬೀಳುತ್ತಿತ್ತು. ಹೆಂಡತಿಗೆ ಪದವಿ ಬಂದರೆ ಗಂಡನಿಗೆ ಏನನ್ನಬೇಕು? ಆ ಊರಿನಲ್ಲಿ ಇದನ್ನು ಯಾರೂ ಯೋಚಿಸಿರಲಿಲ್ಲ. ಗೌಡ ಎನ್ನೋಣವೆಂದರೆ ಅವನು ಬೇರೆ ಮನೆತನದವನು. ಹೀಗಾಗಿ ಹತ್ತು ವರ್ಷ ಅವನು "ಮತ್ತ" ಆಗಿಯೇ ಉಳಿದ.

ಎಂಬತ್ತನಾಲ್ಕರ ಆಷಾಢದಲ್ಲಿ ಬುರಾನುದ್ದೀನ ಮಾಸ್ತರರು ಹೈದರಾಬಾದಿನ ಮಗಳ ಮನೆಯಿಂದ ಊರಿಗೆ ಬಂದರು. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಿಜಾಮನ ಕಾಲದ ಶೇರವಾನಿಯನ್ನು ಇನ್ನೂ ಹಾಕುತ್ತಿದ್ದರು, ನವಾಬರ ಕಥೆ ಶುರು ಮಾಡಿದರೆಂದರೆ ಅವರನ್ನು ನಿಲ್ಲಿಸುವುದು ದೇವರ ಕೈಯಲ್ಲೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ ಅವರು ಬೆಂಚಿನ ಮೇಲೆ ಕೂತರು, ಸುತ್ತ ಮಂದಿ ಕೂಡಿತು.

"ಹೋದ ಚಳಿಗಾಲದಾಗ ವಿಲಾಯತಿ ರಾಣಿ ಬಂದಿದ್ಳಪಾ ಹೈದರಾಬಾದಿಗೆ. ಸಡಕಿನ ಎರಡೂ ಕಡೆ ಮಂದಿಯೋ ಮಂದಿ. ಗಂಡನೂ ಬಂದಿದ್ದ."

"ಹಂಗಾರ ರಾಜಾನೂ ಬಂದಿದ್ನಾ?" ಎಂದ ಅಮೋಘಸಿದ್ದ. ಅವನು ಗೌಡರ ಮನೆಯ ಎತ್ತು ನೋಡಿಕೊಳ್ಳುವವನು.

"ರಾಜಾ ಅಲ್ಲಲೇ! ರಾಣಿ ಗಂಡ. ಅವಗ ರಾಜಾ ಅನ್ನಂಗಿಲ್ಲ."

ಹೋಟೆಲಿನಲ್ಲಿ ಗದ್ದಲವೆದ್ದಿತು. "ರಾಣಿ ಗಂಡ ರಾಜಾ ಅಲ್ಲಂದ್ರ ಮತ್ತೇನ್ರಿ, ಮ್ಯಾನೇಜರಾ?" ಎಂದು ಒಬ್ಬ ಕೂಗಿದ. ಮಾಸ್ತರರು ಬಸಿಯನ್ನು ಕೆಳಗಿಟ್ಟು ಶಾಲೆಯ ದನಿ ತೆಗೆದರು. "ಕೇಳ್ರಿ. ರಾಜನ ಹೆಂಡ್ತಿ ತಾನಾಗೇ ರಾಣಿ ಆಗ್ತಾಳ. ರಾಣಿ ಗಂಡ ತಾನಾಗೇ ರಾಜಾ ಆಗಂಗಿಲ್ಲ. ಯಾಕಂದ್ರ ಗಾದಿ ಆಕಿದು. ಹಂಗಂತ ಅವನ್ನ ಬರಿಗೈಲೆ ನಿಲ್ಲಸಂಗಿಲ್ಲ, ಬ್ಯಾರೆ ಖಿತಾಬ ಕೊಡ್ತಾರ. ಪ್ರಿನ್ಸ್ ಅಂತಾರ, ಡ್ಯೂಕ್ ಅಂತಾರ. ನಮ್ಮ ಭೋಪಾಲದಾಗೂ ಬೇಗಮ್ರು ನಾಕು ಪೀಳಿಗಿ ಆಳಿದ್ರು. ಗಂಡಂದ್ರಿಗೆ ನವಾಬ ಅನ್ನೋ ಖಿತಾಬ ಇತ್ತು, ಗಾದಿ ಇರ್ಲಿಲ್ಲ. ಒಬ್ಬವಂದು ಖಿತಾಬ ಸುದ್ದ ಅಂಗ್ರೇಜರು ಕಸ್ಕೊಂಡ್ರು."

ಮೂಲೆಯಲ್ಲಿ ಕೂತಿದ್ದ ಶಿವರಾಯ ಎದ್ದು ನಿಂತುಬಿಟ್ಟ. ಚಹಾ ಅಂಗಿಯ ಮೇಲೆ ಚೆಲ್ಲಿತು, ಅವನಿಗೆ ಅದರ ಖಬರಿಲ್ಲ. "ಮಾಸ್ತರ್ರ, ಹಂಗಾರ ಆ ಸಾಹೇಬಂದೂ ನಂದೂ ಒಂದೇ ನೌಕರಿ ಆತಲ್ರಿ!" ಎಂದ. ಹೋಟೆಲು ಬಿದ್ದು ಬಿದ್ದು ನಕ್ಕಿತು. ಶಿವರಾಯ ಎಲ್ಲರಿಗಿಂತ ಜೋರಾಗಿ ನಕ್ಕ. ಅಷ್ಟು ದೂರದ ದೇಶದಲ್ಲಿ, ಅಷ್ಟು ದೊಡ್ಡ ಮನೆಯಲ್ಲಿ, ತನ್ನಂಥವನೇ ಒಬ್ಬ ಇದ್ದಾನೆ! ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ಕಾಲು ನೆಲಕ್ಕೆ ಹತ್ತಲಿಲ್ಲ. ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಇನ್ನೊಂದು ವಿಚಾರ ಬಂದು ತಲೆಯಲ್ಲಿ ಕೂತಿತು. ಅವನಿಗೆ ಖಿತಾಬು ಇದೆ. ನನಗೆ?

ಅಂದಿನಿಂದ ಶಿವರಾಯನಿಗೆ ಖಿತಾಬಿನ ಹುಚ್ಚು ಹಿಡಿಯಿತು. ಮರುದಿನವೇ ಮಾಸ್ತರರ ಮನೆಗೆ ಹೋಗಿ ಕೂತ. "ನನಗೂ ಒಂದು ಮಾಡಿಕೊಡ್ರಿ" ಎಂದ. ಮಾಸ್ತರರಿಗೂ ಬೇಕಾಗಿದ್ದದ್ದು ಇಂಥದೇ ಕೆಲಸ. ಗಡ್ಡ ಕೆರೆದುಕೊಂಡು, ಮೇಲೆ ನೋಡಿ, ಕೆಳಗೆ ನೋಡಿ, ಕೊನೆಗೆ ಎದ್ದು ನಿಂತು ಸಲಾಮು ಹೊಡೆದು ಹೇಳಿದರು: "ಆಲಿಜನಾಬ, ವಾಲಾಕದರ, ಶೌಹರ-ಎ-ಗೌಡಸಾನಿ, ಶಿವರಾಯ ಬಹಾದ್ದೂರ!" ಶೌಹರ ಅಂದರೆ ಗಂಡ, ಉಳಿದದ್ದೆಲ್ಲ ಬರೀ ದೊಡ್ಡಸ್ತಿಕೆ. ಶಿವರಾಯನ ಮೈಯಲ್ಲಿ ಮುಳ್ಳೆದ್ದಿತು. ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ. ಮತ್ತೊಮ್ಮೆ ಹೇಳಿಸಿಕೊಂಡ.

ಮನೆಗೆ ಬಂದವನೇ ಅಮೋಘಸಿದ್ದನನ್ನು ಕರೆದು ತಾಕೀತು ಮಾಡಿದ. ಇನ್ನು ಮೇಲೆ ತನ್ನ ಮುಂದೆ ಬಾಯಿ ತೆರೆಯಬೇಕಾದರೆ ಈ ಖಿತಾಬು ಪೂರ್ತಿ ಹೇಳಿಯೇ ತೆರೆಯಬೇಕು. ಅಮೋಘಸಿದ್ದ ಒಳ್ಳೆಯ ಮನುಷ್ಯ, ಎತ್ತುಗಳ ಮುಂದೆ ನಿಂತು ಎರಡು ದಿನ ಉರು ಹೊಡೆದ. ಮೂರನೆಯ ದಿನ ಓಡುತ್ತ ಬಂದ, ಏದುಸಿರು ಬಿಡುತ್ತಿದ್ದ. "ಆಲಿ… ಆಲಿಜನಾಬ… ವಾಲಿ… ಅಲ್ಲ, ವಾಲಾ…"

"ಸಾವಕಾಶ ಹೇಳೋ, ಗಡಬಡ ಯಾಕ?" ಎಂದ ಶಿವರಾಯ, ಮೀಸೆ ತೀಡುತ್ತ.

ಅಮೋಘಸಿದ್ದ ಮೊದಲಿಂದ ಶುರು ಮಾಡಿದ. ಶೌಹರ ಎನ್ನುವಲ್ಲಿ ಮತ್ತೆ ಜಾರಿದ. ಮೂರನೆಯ ಸಲಕ್ಕೆ ಬಹಾದ್ದೂರ ಮುಟ್ಟಿ, ಉಸಿರೆಳೆದುಕೊಂಡು, "ಎತ್ತು ಕಣ್ಣಿ ಹರಕೊಂಡು ತೊಗರಿ ಹೊಲ ಹೊಕ್ಕಾವ್ರಿ!" ಎಂದ. ಅಷ್ಟರಲ್ಲಿ ಎತ್ತುಗಳು ಒಂದು ಪಟ್ಟಿ ತೊಗರಿ ಮೇಯ್ದು, ನೆರಳಿಗೆ ಮಲಗಿ, ಮೆಲುಕು ಹಾಕುತ್ತಿದ್ದವು. ಆ ಹೊಲ ದೊಡ್ಡಪ್ಪನದು.

ದೊಡ್ಡಪ್ಪ ತಕರಾರು ತೆಗೆದುಕೊಂಡು ಕಟ್ಟೆಗೆ ಬಂದ. ಕಸ್ತೂರಿಬಾಯಿ ಎರಡೂ ಕಡೆ ಕೇಳಿ, ತನ್ನ ಮನೆಯದೇ ತಪ್ಪು ಎಂದು ಹೇಳಿ, ತೊಗರಿ ತುಂಬಿಕೊಡಲು ಅಪ್ಪಣೆ ಮಾಡಿದಳು. ನಗು ತಡೆಯಲು ಅವಳು ತುಟಿ ಕಚ್ಚಿ ಹಿಡಿದಿದ್ದನ್ನು ಶಿವರಾಯ ಒಬ್ಬನೇ ಕಂಡ. ಹಿಂದಿನಿಂದ ಗಂಗಾಬಾಯಿ, "ಗೌಡಸಾನಿ, ನಿನ್ನ ಗಂಡಗೂ ಕಣ್ಣಿ ಹಾಕಬೇ ಮೊದಲು" ಎಂದಳು. ಖಿತಾಬಿನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಶಿವರಾಯ ಮುಗಿಸಲಿಲ್ಲ. ದೊಡ್ಡಪ್ಪನ ಹಿಂದೆಯೇ ಹೊಲದ ದಾರಿ ಹಿಡಿದ.

"ಕಾಕಾ, ತೊಗರಿ ಹೋದ್ರ ಹೋಗ್ಲಿ. ನನಗ ಊರು ಗೌಡ ಅನ್ನಲಿಕ್ಕೆ ಏನ ಅಡ್ಡಿ ಅದ ಹೇಳ್ರಿ."

ದೊಡ್ಡಪ್ಪ ಕೆಟ್ಟವನಲ್ಲ. ಆದರೆ ಪದ್ಧತಿ ಎಂದರೆ ಜೀವ ಬಿಡುವ ಮನುಷ್ಯ. ಉಗುರು ಕತ್ತರಿಸುವುದಕ್ಕೂ ಹಿರಿಯರು ಹೇಗೆ ಕತ್ತರಿಸುತ್ತಿದ್ದರು ಎಂದು ಕೇಳುವವನು. ಅವನು ನಿಂತು ಹೇಳಿದ: "ನಿನ್ನ ಮ್ಯಾಲ ನನಗೇನು ಸಿಟ್ಟಿಲ್ಲಪಾ. ಗೌಡ ಅನ್ನೋದು ಈ ಮನಿ ಮಗಗ. ನೀ ಮಗ ಅಲ್ಲ, ಅಳಿಯ. ಗೌಡ್ರಿಗೆ ಮಗ ಇಲ್ಲಂದ್ರ ದತ್ತಕ ತಗೋಬೇಕು. ದತ್ತಕ ಬಂದಾವ ಮಗನೇ. ಅವಗ ಗೌಡ ಅನ್ನಾಕ ನಮದೇನೂ ಅಡ್ಡಿಲ್ಲ."

"ಹಂಗಾರ ನನ್ನೇ ತಗೋರಿ ದತ್ತಕ!" ಎಂದ ಶಿವರಾಯ.

ದೊಡ್ಡಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಪದ್ಧತಿಯ ಪ್ರಕಾರ ಇದರಲ್ಲಿ ಏನು ತಪ್ಪು ಎಂದು ಯೋಚಿಸಿದ. ಮನೆತನ ಬದಲಾಗುತ್ತದೆ, ಸರಿ. ಗೌಡಕಿ ಮನೆಯಲ್ಲೇ ಉಳಿಯುತ್ತದೆ, ಸರಿ. ತಾಯಿಯಾಗಲು ಗಂಗಾಬಾಯಿ ಜೀವಂತ ಇದ್ದಾಳೆ, ಉಡಿಯಲ್ಲಿ ಕೂಡಿಸಿಕೊಳ್ಳಬಹುದು, ಸರಿ. "ಆಗಬೌದು" ಎಂದ. ನಿಮಗೆ ಈಗಾಗಲೇ ತಿಳಿದಿರಬೇಕು ಇದರಲ್ಲಿ ಏನು ತಪ್ಪು ಎಂದು! ಆಣೆ ಮಾಡಿ ಹೇಳುತ್ತೇನೆ, ಕೆಂಚಗೇರಿಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಎಲ್ಲರ ತಲೆಯಲ್ಲೂ ಗೌಡಕಿ ತುಂಬಿತ್ತು. ಗಂಗಾಬಾಯಿಗೆ ಹೇಳಿದರೆ, "ಹಡೀಲಾರದೆ ಮಗ ಬಂದ್ರ ಯಾರು ಒಲ್ಲೆ ಅಂತಾರ" ಎಂದು ಕಣ್ಣು ಒರೆಸಿಕೊಂಡಳು. ಊರಿನ ಅಯ್ಯನವರು ಪಂಚಾಂಗ ನೋಡಿ ಶ್ರಾವಣದ ಪಂಚಮಿಗಿಂತ ಒಳ್ಳೆಯ ದಿನ ಇಲ್ಲ ಎಂದರು.

ಒಬ್ಬಳಿಗೆ ಮಾತ್ರ ತಿಳಿಯಿತು. ಸುದ್ದಿ ಹೇಳಲು ಶಿವರಾಯ ಒಳಗೆ ಓಡಿಬಂದಾಗ ಕಸ್ತೂರಿಬಾಯಿ ಪಂಚಮಿಗೆಂದು ಶೇಂಗಾ ಉಂಡಿ ಕಟ್ಟುತ್ತಿದ್ದಳು. "ಕಸ್ತೂರಿ! ನಾ ಗೌಡ ಆಗಾಕತ್ತೇನಿ! ನಿಮ್ಮವ್ವ ನನ್ನ ದತ್ತಕ ತಗೋತಾಳ!" ಎಂದ. ಅವಳ ಕೈಯಲ್ಲಿದ್ದ ಉಂಡಿ ಪುಡಿಪುಡಿಯಾಯಿತು. ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಏನೋ ಎಂದು ಕಾದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

"ಖರೇನೇ ಬೇಕೇನ್ರಿ ನಿಮಗ ಅದು?"

"ಬೇಕಂದ್ರ ಬೇಕು! ಹತ್ತು ವರ್ಷ ಆತು ಬೇ, ಮೈಕಿನ್ಯಾಗ ನನ್ನ ಕೆಮ್ಮಾಕತ್ತಾರ!"

"ಹಂಗಾರ ಆಗ್ರಿ" ಎಂದಳು ಅವಳು. ಪುಡಿಯನ್ನು ಕೂಡಿಸಿ ಮತ್ತೆ ಉಂಡಿ ಕಟ್ಟತೊಡಗಿದಳು. ಅವಳ ತುಟಿಯಲ್ಲಿ ನಗು ಇತ್ತು, ಆದರೆ ಎಂದಿನ ನಗು ಅದಲ್ಲ. ಶಿವರಾಯ ಆ ದಿನ ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿರಲಿಲ್ಲ. ಅಫಜಲಪುರಕ್ಕೆ ಹೋಗಿ ಹೊಸ ರುಮಾಲು ತಂದ. ಜೇವರ್ಗಿಯಿಂದ ಸನಾದಿಯವರನ್ನು ಕರೆಸಿದ. ಅತನೂರಿನವರೆಗೆ ನೆಂಟರಿಗೆಲ್ಲ ಹೇಳಿಕಳಿಸಿದ. ರಾತ್ರಿ ನಿದ್ದೆಯಲ್ಲಿ ತನ್ನನ್ನು ತಾನೇ ಗೌಡ್ರ ಎಂದು ಕರೆದುಕೊಂಡು, ಓ ಎಂದು ತಾನೇ ಎದ್ದು ಕೂತ ಎನ್ನುತ್ತಾರೆ.

ಪಂಚಮಿಯ ದಿನ ಗೌಡರ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ದಿನವೇ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಜೀಕುವುದು ಬಿಟ್ಟು ಗೌಡ ಹುಟ್ಟುವುದನ್ನು ನೋಡಲು ಬಂದು ಕೂತಿದ್ದರು. ಬುರಾನುದ್ದೀನ ಮಾಸ್ತರರು ಶೇರವಾನಿಯಲ್ಲಿ ಬೆವರುತ್ತ ಮುಂದೆ ನಿಂತಿದ್ದರು. ಸನಾದಿ ಊದುತ್ತಿತ್ತು. ನಡುವೆ ಮಣೆ ಹಾಕಿ ಗಂಗಾಬಾಯಿಯನ್ನು ಕೂಡಿಸಿದ್ದರು. ಕಡ್ಡಿಯಂಥ ಮುದುಕಿ. ಅವಳ ಉಡಿಯಲ್ಲಿ ಈಗ ಶಿವರಾಯ ಕೂಡಬೇಕು, ಪದ್ಧತಿ ಅದು. ನಲವತ್ತು ದಾಟಿದ, ದಿನವೂ ಎರಡು ಹೊತ್ತು ತುಪ್ಪ ಉಂಡ ಅಳಿಯ!

ಶಿವರಾಯ ಅತ್ತೆಯ ಮೇಲೆ ಕನಿಕರ ಪಟ್ಟು, ಕಂಬಕ್ಕೆ ಕೈಕೊಟ್ಟು, ಅರ್ಧ ಗಾಳಿಯಲ್ಲಿ ಕೂತ. ದೊಡ್ಡಪ್ಪ ಬಿಡಲಿಲ್ಲ. "ಪೂರಾ ಕೂಡು. ಅರ್ಧ ಕೂತ್ರ ಅರ್ಧ ಮಗ ಆಗ್ತಿ" ಎಂದ. ಶಿವರಾಯ ಪೂರ್ತಿ ಕೂತ.

"ಯಪ್ಪಾ ಶಿವನೇ!" ಎಂದಳು ಗಂಗಾಬಾಯಿ. "ಲಗೂ ಮಾಡ್ರಿ, ಲಗೂ ಮಾಡ್ರಿ!"

ಅಯ್ಯನವರು ಲಗುಬಗೆಯಿಂದ ವಿಭೂತಿ ಹಚ್ಚಿದರು. ಇನ್ನು ಉಳಿದದ್ದು 'ಇಂದಿನಿಂದ ಇವನು ದೌಲತರಾಯಗೌಡರ ಮಗ' ಎಂದು ಹೇಳಿ ಸಕ್ಕರೆ ಹಂಚುವುದು. ಅಷ್ಟರಲ್ಲಿ ಬೀದಿಯ ಕಡೆಯಿಂದ ಗೆಜ್ಜೆಯ ಸದ್ದು ಬಂತು. ಸಿಂಗರಿಸಿದ ಬಂಡಿಯನ್ನು ಅಮೋಘಸಿದ್ದ ಹೊಡೆದುಕೊಂಡು ಬಂದು ಬಾಗಿಲ ಮುಂದೆ ನಿಲ್ಲಿಸಿದ. ಬಂಡಿಯಿಂದ ಇಳಿದವಳು ಕಸ್ತೂರಿಬಾಯಿ. ಹಿಂದಿನ ಬಾಗಿಲಿಂದ ಯಾವಾಗ ಹೊರಗೆ ಹೋಗಿದ್ದಳೋ! ಹೊಸ ಸೀರೆ, ಕೈತುಂಬ ಹಸಿರು ಬಳೆ, ಹಣೆಯ ತುಂಬ ಕುಂಕುಮ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಉಂಡಿಯ ಬುತ್ತಿ. ಬೆತ್ತ ಇರಲಿಲ್ಲ. ಹೊಸ್ತಿಲ ಆಚೆ ನಿಂತು, ಸೆರಗು ಸರಿಮಾಡಿಕೊಂಡು, ಊರಿಗೇ ಕೇಳುವ ಹಾಗೆ ಕರೆದಳು.

"ಅಣ್ಣಾ! ಪಂಚಮಿಗೆ ಕರ್ಯಾಕ ಬರ್ತಿ ಅಂತ ದಾರಿ ನೋಡಿ ನೋಡಿ ಸಾಕಾತು. ನೀ ಬರ್ಲಿಲ್ಲ, ನಾನೇ ಬಂದೆ."

ಸನಾದಿ ನಿಂತಿತು. ದೊಡ್ಡಪ್ಪ ಬೆರಳು ಮಡಿಚತೊಡಗಿದ. "ತಡೀರಿ. ಇಂವ ನಮ್ಮ ಅಣ್ಣನ ಮಗ ಆದ. ಆಕಿ ನಮ್ಮ ಅಣ್ಣನ ಮಗಳು. ಹಂಗಾರ ಇವ್ರಿಬ್ರೂ…" ಎಂದವನು ಮಡಿಚಿದ ಬೆರಳನ್ನು ಹಾಗೆಯೇ ಹಿಡಿದು ನಿಂತುಬಿಟ್ಟ. ಶಿವರಾಯನ ಮಗಳು ಹೀರಾಬಾಯಿ ಹೆಂಗಸರ ನಡುವಿಂದ ಎದ್ದು, "ಹಂಗಾರ ನಾ ಅಪ್ಪಗ ಇನ್ನ ಸೋದರಮಾವಾ ಅನ್ಬೇಕೇನು?" ಎಂದಳು.

ಅಯ್ಯೋ, ಆ ನಗು! ಅಂಗಳ ಹಾರಿಹೋಗಬೇಕು ಅಂಥ ನಗು! ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಮಾಸ್ತರರ ಶೇರವಾನಿಯ ಗುಂಡಿ ಹರಿಯಿತು. ಸನಾದಿಯವನು ಗೋಡೆಗೆ ಮುಖ ಮಾಡಿ ಕೂತ. ನಗದವರು ಮೂರೇ ಮಂದಿ: ಪದ್ಧತಿ ಕೈಕೊಟ್ಟಿತೆಂದು ಬೆವರುತ್ತಿದ್ದ ದೊಡ್ಡಪ್ಪ, ತೊಡೆ ಜೋಮು ಹಿಡಿದಿದ್ದ ಗಂಗಾಬಾಯಿ, ಅವಳ ಉಡಿಯಲ್ಲಿ ಕಲ್ಲಾಗಿ ಕೂತಿದ್ದ ಶಿವರಾಯ.

"ನಗಬ್ಯಾಡ್ರಿ!" ಎಂದು ದೊಡ್ಡಪ್ಪ ಕೂಗಿದ. ಶುರುವಾದ ಶಾಸ್ತ್ರವನ್ನು ನಡುವೆ ಬಿಡುವುದು ಅವನ ಜಾಯಮಾನದಲ್ಲಿರಲಿಲ್ಲ. "ಶಿವರಾಯಾ, ನೀನೇ ಹೇಳಿಬಿಡು. ಗೌಡ ಆಗೂದು ಬ್ಯಾಡಂದ್ರ ಎದ್ದು ಬಾ. ಬೇಕಂದ್ರ, ತವರಿಗಿ ಬಂದಾಕಿನ್ನ 'ಬಾ ತಂಗಿ' ಅಂತ ಒಳಗ ಕರಿ. ಅಂದಿ ಅಂದ್ರ ಆತು, ನೀ ಗೌಡ. ನಾನೇ ಮೊದಲ ಕೈ ಮುಗೀತೇನಿ."

ಶಿವರಾಯನಿಗೆ ಬೇಕಾಗಿತ್ತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲೂ ಅವನಿಗೆ ಗೌಡ ಆಗಬೇಕಾಗಿತ್ತು. ಒಂದು ಮಾತು ಅಂದರೆ ಸಾಕು, ಇನ್ನು ಸಾಯುವವರೆಗೆ ಯಾವ ಮೈಕೂ ತಡವರಿಸುವುದಿಲ್ಲ. ಮುಂದಿನದು ಮುಂದೆ ನೋಡೋಣ ಎಂದುಕೊಂಡ. ಬಾಯಿ ತೆರೆದ. "ಬಾ…" ಎಂದ. ಮತ್ತೆ "ಬಾ…" ಎಂದ.

ಅಲ್ಲಿಯವರೆಗೆ ನಗುತ್ತಲೇ ಇದ್ದ ಕಸ್ತೂರಿಬಾಯಿ, ಅವನು ಎರಡನೆಯ ಸಲ ಬಾಯಿ ತೆರೆದದ್ದನ್ನು ಕಂಡು ನಗುವುದನ್ನು ಬಿಟ್ಟಳು. ಅವನು ನಿಜಕ್ಕೂ ಅಂದೇಬಿಡುತ್ತಾನೆ ಎಂದು ಅವಳಿಗೆ ಹೆದರಿಕೆಯಾಯಿತು. ಟ್ರಂಕು ಕೆಳಗಿಟ್ಟಳು. ಕಟ್ಟೆಯ ಮೇಲೆ ಕೂತು ಹತ್ತು ವರ್ಷ ಊರಿನ ಜಗಳ ಬಿಡಿಸಿದ ಹೆಂಗಸು, ಯಾರ ಮುಂದೂ ದನಿ ನಡುಗಿಸದವಳು, ಅವತ್ತು ನಡುಗುವ ದನಿಯಲ್ಲೇ ಮಾತಾಡಿದಳು.

"ನೋಡ್ರಿ, ನಿಮಗ ಗೌಡ ಆಗೂದಿದ್ರ ಆಗ್ರಿ, ನಾ ಅಡ್ಡ ಬರಂಗಿಲ್ಲ. ಆದ್ರ ಒಂದು ಮಾತು ಕೇಳ್ರಿ. ಅಪ್ಪ ಹೋದ ದಿನದಿಂದ ಈ ಊರಾಗ ನನಗ ಹೆಸರಿಲ್ಲ. ಎತ್ತಿ ಆಡಿಸಿದ ಕಾಕಾ ಗೌಡಸಾನಿ ಅಂತಾನ. ಕೂಡಿ ಬಾವ್ಯಾಗ ಈಸಾಡಿದ ಗೆಳತ್ಯಾರು ಗೌಡಸಾನಿ ಅಂತಾರ. ಹಡದ ಅವ್ವ, ಆಕಿ ಸುದ್ದ ಗೌಡಸಾನಿ ಅಂತಾಳ. ಬರೇ ಕಸ್ತೂರಿ ಅಂತ ಕರ್ಯಾವ್ರು ನೀವೊಬ್ರೇ ಉಳದೀರಿ. ನೀವೂ ಅಣ್ಣಾಗಿ ಕುಂತ್ರ ನನ್ನ ಯಾರು ಕರೀಬೇಕು?"

ಹೆಂಗಸರು ಕಣ್ಣೊರೆಸಿಕೊಂಡರು. ಗಂಗಾಬಾಯಿ ಬಾಯಿ ತೆರೆದು ಮಗಳನ್ನು ನೋಡಿದಳು. ತಾನೂ ಹಾಗೆ ಕರೆಯುತ್ತಿದ್ದೆ ಎಂಬುದು ಅವಳಿಗೆ ಅಂದೇ ಗೊತ್ತಾಗಿದ್ದು.

ಶಿವರಾಯ ಎದ್ದ ರಭಸಕ್ಕೆ ಮುದುಕಿ ಹಿಂದಕ್ಕೆ ಉರುಳಿದಳು, ಅವಳನ್ನು ಹಿಡಿಯಲು ಹೋಗಿ ಅಯ್ಯನವರೂ ಉರುಳಿದರು, ವಿಭೂತಿಯ ತಟ್ಟೆ ದೊಡ್ಡಪ್ಪನ ತಲೆಯ ಮೇಲೆ ಬೋರಲಾಯಿತು. ಇವನಿಗೆ ಅದಾವುದೂ ಕಾಣಲಿಲ್ಲ. ಹೊಸ ರುಮಾಲು ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು, ಅದನ್ನು ಎಳೆದುಕೊಂಡೇ ಹೊಸ್ತಿಲಿಗೆ ಓಡಿದ. ಮುಖದ ತುಂಬ ವಿಭೂತಿ, ವಿಭೂತಿಯ ಮೇಲೆ ಕಣ್ಣೀರು. ಹೆಂಡತಿಯ ಟ್ರಂಕು ಎತ್ತಿ ಹೆಗಲಿಗೇರಿಸಿದ.

"ಕಸ್ತೂರಿ" ಎಂದ. "ಕಸ್ತೂರಿ, ಒಳಗ ಬಾ."

"ಬಿಡ್ರಿ ಟ್ರಂಕು, ಖಾಲಿ ಅದ" ಎಂದಳು ಅವಳು, ಅಳುತ್ತ, ನಗುತ್ತ.

ತಂದ ಸಕ್ಕರೆ ಹಾಗೆಯೇ ಉಳಿಯಬಾರದೆಂದು ಹಂಚಿದರು. ಯಾಕೆ ಹಂಚುತ್ತಿದ್ದಾರೆಂದು ಯಾರೂ ಕೇಳಲಿಲ್ಲ, ಎರಡೆರಡು ಸಲ ಕೈಯೊಡ್ಡಿದರು. ಸನಾದಿಯವರು ತಮಗೆ ಕೊಟ್ಟ ಭಕ್ಷೀಸಿಗೆ ನ್ಯಾಯವಾಗಲಿ ಎಂದು ಮತ್ತೆ ಊದತೊಡಗಿದರು. ತಲೆಯ ವಿಭೂತಿ ಝಾಡಿಸಿಕೊಳ್ಳುತ್ತ ದೊಡ್ಡಪ್ಪ, "ಅಲ್ಲ, ಹಂಗಾರ ಇವಗೇನಂತ ಕರೀಬೇಕು, ಅದು ಬಗೀಹರೀಲೇ ಇಲ್ಲಲ್ಲ?" ಎಂದು ಒಬ್ಬೊಬ್ಬರನ್ನೇ ಹಿಡಿದು ಕೇಳಿದ. ಎಲ್ಲರ ಬಾಯಲ್ಲೂ ಉಂಡಿ ಇತ್ತು.

ಸಂಜೆ ಹೆಣ್ಣುಮಕ್ಕಳು ಕಸ್ತೂರಿಬಾಯಿಯನ್ನು ಎಳೆದುಕೊಂಡು ಹೋಗಿ ಬೇವಿನ ಮರದ ಜೋಕಾಲಿಗೆ ಹತ್ತಿಸಿದರು. ಬೆತ್ತ ಕೈಗೆ ಬಂದಮೇಲೆ ಅವಳು ಜೋಕಾಲಿ ಏರಿರಲಿಲ್ಲ. ಗೌಡಸಾನಿ ಜೀಕಿದರೆ ಮಂದಿ ಏನೆಂದಾರು ಎಂದು ಸುಮ್ಮನಿದ್ದಳು. ತೂಗಲು ಶಿವರಾಯ ನಿಂತ. ಒಂದು ಸಲ ನೂಕಿದ, ಎರಡು ಸಲ ನೂಕಿದ. ಜೋಕಾಲಿ ಕೊಂಬೆಯ ಎತ್ತರಕ್ಕೆ ಹೋಯಿತು.

"ಕಸ್ತೂರೀ, ಗಟ್ಟಿ ಹಿಡ್ಕೋ!" ಎಂದು ಅವನು ಒದರಿದ.

"ಕೇಳ್ಸಂಗಿಲ್ರಿ!" ಎಂದಳು ಅವಳು ಮೇಲಿನಿಂದ. "ಇನ್ನೊಮ್ಮೆ ಕರೀರಿ!"